ನೆತ್ತಿಯ ಎದುರು

ಅಡವಯ್ಯ ಮಠಕ್ಕೆ ಬರುವ ಮೊದಲು ಇಂಗ್ಲಿಷ್ ಮೇಷ್ಟರಾಗಿದ್ದವನು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಆ ಗಾದೆ ಅವನ ಪಾಲಿಗೆ ಸುಳ್ಳಾಯಿತು.

ಒಂದು ಸಂಜೆ ಅವನು ತಾಳ್ಮೆಯ ಮೇಲೆ ಪ್ರವಚನ ಹೇಳುತ್ತಿದ್ದ. ದಿನವಿಡೀ ಕಳೆ ಕಿತ್ತು ಬಂದಿದ್ದ ನಿಂಗವ್ವ ಮುಂದೆಯೇ ಕೂತು ತೂಕಡಿಸಿದಳು. ನಿದ್ದೆ ಮಾಡುವುದಾದರೆ ಮನೆಗೆ ಹೋಗು ಎಂದು ಎಲ್ಲರೆದುರು ಗದರಿಬಿಟ್ಟ. ಅವಳು ಎದ್ದು ಹೋದವಳು ಮತ್ತೆ ಬರಲೇ ಇಲ್ಲ.

ನಾಚಿಕೆ ಅವನನ್ನು ತಿಂದುಹಾಕಿತು. ಗಂಟುಮೂಟೆ ಕಟ್ಟಿ, ಬಾವಿಕಟ್ಟೆಯ ಮೇಲೆ ಕೂತಿದ್ದ ಗುರುಗಳ ಮುಂದೆ ನಿಂತ. ಎಲ್ಲರೂ ಅವರನ್ನು ಅಜ್ಜಾರು ಅನ್ನುತ್ತಿದ್ದರು.

“ಇಂಗ್ಲಿಷಿನಾಗ ‘ನೇಡಿರ್’ ಅಂತ ಒಂದು ಮಾತೈತ್ರಿ ಅಜ್ಜಾರ. ಅದಕ್ಕಿಂತ ಕೆಳಗ ಏನೂ ಇಲ್ಲ. ನಾ ಅಲ್ಲಿಗೆ ಬಿದ್ದೀನ್ರಿ.”

ಆ ಮಾತು ಎಲ್ಲಿಂದ ಬಂತು ಎಂದರು ಅಜ್ಜಾರು. ಹೊರಟು ನಿಂತವನನ್ನು ಕೇಳುವ ಪ್ರಶ್ನೆಯೇ ಇದು? ಆದರೆ ಪಾಠ ಕೇಳಿದರೆ ಮೇಷ್ಟರ ಬಾಯಿ ಸುಮ್ಮನಿರುತ್ತದೆಯೇ. ಮೂಲ ಅರಬ್ಬೀ, ಆಕಾಶ ನೋಡುವವರ ಮಾತು ಎಂದ. ನೆತ್ತಿಯ ನೇರಕ್ಕೆ ಮೇಲೊಂದು ತುದಿ, ಅದು ‘ಜೆನಿತ್’. ಪಾದದ ನೇರಕ್ಕೆ ಕೆಳಗೊಂದು ತುದಿ, ಅದೇ ಇದು.

“ಮೂಲದಾಗ ಕೆಳಗ ಅಂತನ ಅರ್ಥ ಏನು?”

ಅಡವಯ್ಯ ತಡವರಿಸಿದ. “ಅಲ್ರಿ. ಎದುರು ಅಂತ. ನೆತ್ತಿಗೆ ಎದುರಿಂದು.”

ಅಜ್ಜಾರು ಹೂಂಗುಟ್ಟಿದರು. ಬೇಸಿಗೆಯಲ್ಲಿ ಶಿಷ್ಯರೇ ಬಾವಿಗಿಳಿದು ಹೂಳೆತ್ತುವುದು ಆ ಮಠದ ರೂಢಿ. ಹೋಗುವ ಮುಂಚೆ ಅದೊಂದನ್ನು ಮುಗಿಸಿ ಹೋಗು ಎಂದರು.

ಅಡವಯ್ಯ ಇಳಿದ. ತಳದಲ್ಲಿ ಕತ್ತಲು, ಮೊಣಕಾಲುದ್ದ ಕೆಸರು. ಬುಟ್ಟಿ ತುಂಬಿ ಹಗ್ಗ ಅಲ್ಲಾಡಿಸಿದರೆ ಮೇಲೆ ಯಾರೋ ಎಳೆದುಕೊಳ್ಳುತ್ತಿದ್ದರು. ಅವನು ಅಳುತ್ತಲೇ ಬಗೆದ. ಅಲ್ಲಿ ಅಳುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ನಡುಮಧ್ಯಾಹ್ನದ ಹೊತ್ತಿಗೆ ಬಿಸಿಲು ಗೋಡೆ ಹಿಡಿದು ಇಳಿದು ತಳ ಮುಟ್ಟಿತು. ಬಗೆಯುತ್ತಿದ್ದ ಬೆರಳ ಸಂದಿಯಲ್ಲಿ ತಣ್ಣನೆಯ ನೀರು ಜಿನುಗಿತು. ಮುಚ್ಚಿಹೋಗಿದ್ದ ಸೆಲೆ ತೆರೆದಿತ್ತು. ಅಡವಯ್ಯ ಸಂತೋಷ ತಡೆಯಲಾಗದೆ ತಲೆಯೆತ್ತಿದ.

“ಎದುರಿಗೆ ಏನು ಕಾಣತೈತೋ?” ಎಂದು ಮೇಲಿನಿಂದ ಅಜ್ಜಾರು ಕೇಳಿದರು.

“ಸೂರ್ಯರಿ, ನೆತ್ತಿ ಮ್ಯಾಲ. ನಿಮ್ಮ ಬಾಜೂಕ ಹಗ್ಗ ಹಿಡಕೊಂಡು ನಿಂತಾವ್ರು ಯಾರ್ರಿ?”

“ನಿಂಗವ್ವ. ಮುಂಜಾನಿಂದ ನಿನ್ನ ಕೆಸರು ಎಳ್ಯಾಕತ್ತಾಳ. ಸಂಜೀಕ ಪ್ರವಚನಕ್ಕ ಬರ್ತಾಳಂತ. ತೂಕಡಿಸಿದ್ರ ಎಬ್ಬಿಸಬ್ಯಾಡ.”