ಚೌಕ ಕೊರೆಯುವ ಹುಳು

"ಅಯ್ಯನವರೇ, ಆ ನಕ್ಷತ್ರಗಳ ಕಡೆ ಎಲ್ಲಿಯಾದರೂ ಜನರಿದ್ದರೆ, ಅವರು ನಮಗಿಂತ ಒಳ್ಳೆಯವರಾಗಿರುತ್ತಾರೆಯೇ?"

ಯೋವೇಲ ಈ ಪ್ರಶ್ನೆ ಕೇಳಿದ್ದು ಗುರುವಾರ ಸಂಜೆ. ಭಾನುವಾರ ಅವನಿಗೆ ಸಭಾಪಾಲಕನ ದೀಕ್ಷೆ. ಬಿಷಪ್ಪರು ಬರುವುದು ಗೊತ್ತಾಗಿತ್ತು, ದೇವಾಲಯಕ್ಕೆ ಸುಣ್ಣ ಹೊಡೆದಾಗಿತ್ತು, ಬಿಳಿಯ ನಿಲುವಂಗಿ ಹೊಲಿದು ಬಂದಿತ್ತು. ಇವನಿಗೆ ಮಾತ್ರ ಊಟ ಸೇರುತ್ತಿರಲಿಲ್ಲ. ದೂರದ ಯಾವುದೋ ಗ್ರಹದಲ್ಲಿ ನೀರಿನ ಆವಿ ಇದ್ದೀತು ಎಂದು ಪತ್ರಿಕೆಯಲ್ಲಿ ಓದಿದ್ದ. ಅಂದಿನಿಂದ ಅದೇ ಚಿಂತೆ. ನೀರಿದ್ದರೆ ಜೀವವಿದ್ದೀತು. ಜೀವವಿದ್ದರೆ ಜನರೂ ಇದ್ದಾರು. ಅವರೂ ತಿನ್ನಬಾರದ ಹಣ್ಣು ತಿಂದು ಕೆಟ್ಟವರೋ, ತಿನ್ನದೆ ಉಳಿದವರೋ? ಕೆಟ್ಟಿದ್ದರೆ ಕರ್ತನು ಅಲ್ಲಿಗೂ ಹೋಗಿ ಶಿಲುಬೆ ಹೊತ್ತನೋ? ಕೆಡದೆ ಉಳಿದಿದ್ದರೆ ಅವರ ಮುಂದೆ ನಮ್ಮ ಗತಿ ಏನು? ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡು, ಚಿಕ್ಕಂದಿನಿಂದ ತನಗೆ ಬೈಬಲ್ ಪಾಠ ಹೇಳಿದ ಸತ್ಯಮಿತ್ರ ಅಯ್ಯನವರ ಬಳಿಗೆ ಬಂದಿದ್ದ. ಅವರೋ ಜಗುಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು.

"ಇದಕ್ಕೆ ಉತ್ತರ ಸಿಗದೆ ನಾನು ಬಿಷಪ್ಪರ ಮುಂದೆ ಮಂಡಿಯೂರಲಾರೆ," ಎಂದ ಯೋವೇಲ.

"ನಿಮ್ಮಣ್ಣನಿಗೆ ಹೇಳಿದೆಯಾ, ಭಾನುವಾರ ಬಾ ಅಂತ?"

ಯೋವೇಲನ ಮುಖ ಬಿಗಿಯಿತು. "ಅಪ್ಪನನ್ನು ಮಣ್ಣು ಮಾಡಿದ ದಿನ ಅವನು ನಾಲ್ಕು ಜನರ ಎದುರಿಗೆ ನನಗೆ ಅಂದ ಮಾತು ನಿಮಗೂ ಗೊತ್ತು. ಅಂದಿನಿಂದ ಅವನು ಹಿಂದಿನ ಬೀದಿ, ನಾನು ಈ ಬೀದಿ. ನಾನು ಕೇಳಿದ್ದು ನಕ್ಷತ್ರದ ಮಾತು, ಅಯ್ಯನವರೇ. ನೀವು ಹಿಂದಿನ ಬೀದಿಗೆ ಬಂದಿರಿ."

"ನನ್ನ ಕನ್ನಡಕದಲ್ಲಿ ಅಷ್ಟು ದೂರವೇ ಕಾಣುವುದು. ಇರಲಿ, ನಕ್ಷತ್ರಕ್ಕೇ ಹೋಗೋಣ. ಕೂತುಕೋ. ಕೈ ಸುಮ್ಮನಿರುವುದು ಬೇಡ, ನೀನೂ ಸುಲಿ."

ಯೋವೇಲ ಚಪ್ಪಲಿ ಬಿಟ್ಟು ಕುಳಿತ. ಅಯ್ಯನವರು ಮೊರವನ್ನು ನಡುವೆ ಇಟ್ಟು ಕತೆ ಹೇಳಿದರು.

ಒಂದು ನದಿ ಇತ್ತು. ಅಗಲವಾದ ನದಿ, ನಡುವೆ ಸುಳಿ. ಅದನ್ನು ಯಾರೂ ದಾಟುತ್ತಿರಲಿಲ್ಲ. ಈಚೆದಡದಲ್ಲಿ ಒಂದು ಊರು. ಆಚೆದಡದಲ್ಲಿ ಸಂಜೆ ಹೊತ್ತು ಹೊಗೆ ಏಳುತ್ತಿತ್ತು. ಕಾಣುತ್ತಿದ್ದುದು ಅಷ್ಟೇ. ಹೊಗೆ ಇದ್ದ ಮೇಲೆ ಒಲೆ ಇರಬೇಕು, ಒಲೆ ಇದ್ದ ಮೇಲೆ ಜನ ಇರಬೇಕು. ಅಲ್ಲಿಯವರೆಗೆ ಸರಿ. ಆದರೆ ಈ ಊರಿನವರು ಇನ್ನೂ ಮುಂದೆ ಹೋದರು. ಆಚೆದಡದವರು ಸುಳ್ಳಾಡುವುದಿಲ್ಲ ಎಂದರು. ಅಲ್ಲಿ ಒಬ್ಬರ ಮೇಲೊಬ್ಬರಿಗೆ ಹೊಟ್ಟೆಕಿಚ್ಚಿಲ್ಲ ಎಂದರು. ಅಲ್ಲಿಯ ಮನೆಗಳ ಬಾಗಿಲಿಗೆ ಅಗಳಿಯೇ ಇಲ್ಲ ಎಂದರು. ವಾರಕ್ಕೊಮ್ಮೆ ನದಿಯ ಕಟ್ಟೆಯ ಮೇಲೆ ಸೇರಿ, ಆ ಹೊಗೆಯ ಕಡೆಗೆ ಕೈಮುಗಿದು ಇದನ್ನೇ ಹಾಡುತ್ತಿದ್ದರು. ಹಾಡು ಮುಗಿದ ಮೇಲೆ ಮನೆಗೆ ಹೋಗಿ ಅಗಳಿ ಹಾಕಿಕೊಳ್ಳುತ್ತಿದ್ದರು.

ಹಾಡನ್ನು ಎತ್ತಿಕೊಡುತ್ತಿದ್ದವನು ಒಬ್ಬ ರೈತ. ಒಳ್ಳೆಯ ಕಂಠ. ಅವನದು ಅರ್ಧ ಮನೆ. ಇನ್ನರ್ಧದಲ್ಲಿ ಅವನ ಅಣ್ಣ ಇದ್ದ. ತಂದೆಯ ಕಾಲದಲ್ಲಿ ಅದು ಒಂದೇ ಮನೆ. ನಡುವೆ ಓಡಾಡಲು ಒಂದು ಬಾಗಿಲು. ಅಣ್ಣತಮ್ಮಂದಿರಿಗೆ ಜಗಳವಾಯಿತು. ಏತಕ್ಕೆ ಎಂದು ಕೇಳಬೇಡ. ಅದು ಅವರಿಗೇ ಪೂರ್ತಿ ನೆನಪಿರಲಿಲ್ಲ, ಅಂದ ಮಾತು ಮಾತ್ರ ನೆನಪಿತ್ತು. ತಮ್ಮ ಆ ಬಾಗಿಲಿಗೆ ಮೊಳೆ ಹೊಡೆದ. ಆ ಕಾಲದ ಮೊಳೆಗಳು ಈಗಿನ ಅಂಗಡಿ ಮೊಳೆಗಳ ಹಾಗೆ ದುಂಡಗಿರುತ್ತಿರಲಿಲ್ಲ. ಕಮ್ಮಾರ ಬಡಿದು ಮಾಡಿದ ಚೌಕ ಮೊಳೆಗಳು. ಹೊಡೆದರೆ ಮರದಲ್ಲಿ ಚೌಕ ತೂತೇ ಬೀಳುತ್ತಿತ್ತು.

ಒಂದು ಬೆಳಿಗ್ಗೆ, ನದಿ ತುಂಬಿ ಹರಿಯುವಾಗ, ಹರಿಗೋಲೊಂದು ಗಿರಗಿರ ತಿರುಗುತ್ತ ಬಂದು ಈಚೆದಡಕ್ಕೆ ತಾಗಿತು. ಒಳಗೆ ಒಬ್ಬ ಮುದುಕಿ. ರೈತ ಅಲ್ಲೇ ಇದ್ದ. ಕೈಯಲ್ಲಿ ಚೊಂಬು. ಊರಿನವರು ಬೆಳಿಗ್ಗೆ ಚೊಂಬು ಹಿಡಿದು ಹೋಗುತ್ತಿದ್ದ ಜಾಗ ಅದು. ಹೆಚ್ಚು ಬಿಡಿಸಿ ಹೇಳುವುದು ಬೇಡ. ಮುದುಕಿ ದಡವನ್ನು ನೋಡಿದಳು. ಕೂಡಲೇ ಇಳಿಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು. ಬಗ್ಗಿ ನೀರು ಮೊಗೆದು ಎರಡೂ ಪಾದಗಳನ್ನು ಉಜ್ಜಿ ತೊಳೆದಳು. ಆಮೇಲೆ ಆ ಮಣ್ಣಿನ ಮೇಲೆ ಮೆಲ್ಲಗೆ ಕಾಲಿಟ್ಟಳು.

"ಇದು ಆಚೆದಡವೇನಪ್ಪಾ?" ಎಂದು ಕೇಳಿದಳು.

ರೈತ ಚೊಂಬನ್ನು ಬೆನ್ನ ಹಿಂದೆ ಮರೆಮಾಡಿದ. "ಹೌದು ತಾಯಿ," ಎಂದ.

ಇಲ್ಲಿ ಯೋವೇಲ ತಡೆದ. "ಸುಳ್ಳು ಹೇಳಿದನೇ?"

"ಅವಳು ಪಾದ ತೊಳೆದುಕೊಂಡದ್ದನ್ನು ಅವನು ನೋಡಿದ್ದನಪ್ಪ. ನೀನಾಗಿದ್ದರೆ ಏನು ಹೇಳುತ್ತಿದ್ದೆ?"

ಯೋವೇಲ ಇನ್ನೊಂದು ಕಾಯಿ ತೆಗೆದುಕೊಂಡ. ಅಯ್ಯನವರು ಮುಂದುವರಿಸಿದರು.

ಮುದುಕಿ ಅಂದಳು: "ಇಲ್ಲಿಯವರು ಸುಳ್ಳಾಡುವುದಿಲ್ಲವಂತೆ. ಬಾಗಿಲಿಗೆ ಅಗಳಿ ಇಲ್ಲವಂತೆ. ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ನನ್ನಂಥವಳು ಬರಬಹುದೋ ಬಾರದೋ, ತಿಳಿಯದು. ನದಿ ಎಳೆದು ತಂದುಬಿಟ್ಟಿತು."

ರೈತ ಅವಳನ್ನು ಒಂದು ಮರದ ಕೆಳಗೆ ಕೂರಿಸಿ ಊರಿಗೆ ಓಡಿದ. ಗೌಡರ ಮನೆಯ ಮುಂದೆ ಜನ ಸೇರಿತು. ನಿಜ ಹೇಳಿಬಿಡೋಣ ಎಂದು ಒಬ್ಬ ಅಂದ. ಅಷ್ಟು ದೂರದಿಂದ ನಂಬಿ ಬಂದವಳ ಮುಖ ನೋಡಿ ಹೇಳುವವರು ಯಾರು ಎಂದು ಇನ್ನೊಬ್ಬ ಕೇಳಿದ. ಹೇಳುತ್ತೇನೆ ಎಂದವನೂ ಹಿಂದೆ ಸರಿದ.

ಗೌಡರು ತೀರ್ಮಾನ ಕೊಟ್ಟರು. "ನದಿ ಇಳಿಯುವವರೆಗೆ ಇರುತ್ತಾಳೆ. ಅಲ್ಲಿಯವರೆಗೆ ಎಲ್ಲರೂ ಆಚೆದಡದವರ ಹಾಗೆ ಇದ್ದುಬಿಡಿ."

"ಅವರು ಹೇಗಿರುತ್ತಾರೆ, ಗೌಡರೇ?"

"ವಾರವಾರ ಗಂಟಲು ಹರಿಯುವ ಹಾಗೆ ಹಾಡುತ್ತೀಯಲ್ಲೋ, ಹಾಗೆ!"

ಊರಿಗೆ ಊರೇ ಕಂಗಾಲಾಯಿತು. ಅಗಳಿಗಳನ್ನು ಕಿತ್ತು ಹುಲ್ಲಿನ ಬಣವೆಯಲ್ಲಿ ಬಚ್ಚಿಟ್ಟರು. ಹೊಲದ ಗಡಿಕಲ್ಲನ್ನು ಒತ್ತಿ ನೆಟ್ಟಿದ್ದವನು ಅದನ್ನು ಮತ್ತೆ ಹಿಂದಕ್ಕೆ ನೆಟ್ಟ. ಯಾರಾದರೂ ಕಂಡಾರೆಂದು ಕಳ್ಳನ ಹಾಗೆ ಸುತ್ತ ನೋಡಿಕೊಂಡೇ ನೆಟ್ಟ. ಒಬ್ಬಾಕೆ ಯಾವ ಕಾಲದಲ್ಲೋ ಒಯ್ದಿದ್ದ ಕೊಳಗವನ್ನು ನೆರೆಯವಳಿಗೆ ಹಿಂದಕ್ಕೆ ತಂದುಕೊಟ್ಟಳು. ನೆರೆಯವಳು ಹೆದರಿ, ಯಾರು ತೀರಿಕೊಂಡರು ಎಂದು ಕೇಳಿದಳು. ಹಾಲಿನವನು ಹಾಲಿಗೆ ನೀರು ಬೆರೆಸಲಿಲ್ಲ. ಅಂಥ ಹಾಲು ಕುಡಿದು ರೂಢಿಯಿಲ್ಲದ ಮಕ್ಕಳಿಗೆ ಹೊಟ್ಟೆ ಕೆಟ್ಟಿತು.

ಮುದುಕಿ ಉಳಿಯುವುದು ರೈತನ ಮನೆಯಲ್ಲಿ ಎಂದಾಯಿತು. ಅವನೇ ಮೊದಲು ಕಂಡವನು. ಅವನು ಸುತ್ತಿಗೆ ಹಿಡಿದು ನಡುವಿನ ಬಾಗಿಲ ಮುಂದೆ ನಿಂತ. ಒಂದೊಂದೇ ಮೊಳೆ ಕಿತ್ತ. ಸದ್ದು ಕೇಳಿ ಆ ಕಡೆ ಅಣ್ಣ ಒನಕೆ ಹಿಡಿದು ಕಾದಿದ್ದ. ಬಾಗಿಲು ತೆರೆಯಿತು.

"ಯಾಕೋ? ಏನು ಬಂತು ನಿನಗೆ?" ಎಂದ ಅಣ್ಣ.

"ಆಚೆದಡದಿಂದ ಒಬ್ಬಳು ಬಂದಿದ್ದಾಳೆ. ನಗು."

"ಯಾರನ್ನು ನೋಡಿ ನಗಲಿ?"

"ನನ್ನನ್ನೇ ನೋಡಿ ನಗು ಮಾರಾಯ. ಅವಳು ಹೋಗುವವರೆಗೆ ಮಾತ್ರ."

ಅಣ್ಣ ಒನಕೆ ಕೆಳಗಿಟ್ಟ. ನಗು ಬರಲಿಲ್ಲ. ಆದರೂ ಹಲ್ಲು ಕಾಣಿಸುವಷ್ಟು ಮಾಡಿದ. ತಮ್ಮ ಕಿತ್ತ ಮೊಳೆಗಳನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ, ಸುತ್ತಿಗೆಯ ಜೊತೆಗೆ ಗೋಡೆಯ ಗೂಡಿನಲ್ಲಿ ಇಟ್ಟ. ತುಕ್ಕು ಹಿಡಿಯಬಾರದಲ್ಲ, ಮತ್ತೆ ಬೇಕು.

ಮುದುಕಿ ಬಂದಳು. ಹಗಲು ತಮ್ಮನಲ್ಲಿ, ಸಂಜೆ ಅಣ್ಣನಲ್ಲಿ ಉಂಡಳು. ಊರಿನವರು ಉಸಿರು ಬಿಗಿಹಿಡಿದು ಬದುಕಿದರು. ಇಂದು ಗೊತ್ತಾದೀತೋ, ನಾಳೆ ಗೊತ್ತಾದೀತೋ. ಬೈಗುಳ ನಾಲಿಗೆಯ ತುದಿಗೆ ಬಂದರೆ ನುಂಗಿದರು. ರೈತನಿಗೆ ಎಲ್ಲರಿಗಿಂತ ಹೆಚ್ಚು ಭಯ. ಬಾಗಿಲ ಚೌಕಟ್ಟಿನಲ್ಲಿ ಮೊಳೆಯ ತೂತುಗಳು ಸಾಲಾಗಿ ಕಾಣುತ್ತಿದ್ದವು. ಮುದುಕಿ ಆ ಕಡೆ ಬಂದಾಗಲೆಲ್ಲ ಅವನು ಹೋಗಿ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ. ಅದು ಅಣ್ಣನ ಕಣ್ಣಿಗೆ ಬಿತ್ತು. ತಮ್ಮ ಹೊಲಕ್ಕೆ ಹೋದಾಗ ಅಣ್ಣ ಬಂದು ಅಲ್ಲೇ ಒರಗಿ ನಿಂತ. ಕೆಲವೊಮ್ಮೆ ಇಬ್ಬರೂ ಒಟ್ಟಿಗೇ ನಿಂತರು. ನಿಂತ ಮೇಲೆ ಎಷ್ಟು ಹೊತ್ತು ಸುಮ್ಮನಿರುವುದು? ಎತ್ತಿನ ಮಾತು ಬಂತು, ಮೋಡದ ಮಾತು ಬಂತು. ಒಂದು ದಿನ ಅವ್ವ ಮಾಡುತ್ತಿದ್ದ ಹುರುಳಿ ಸಾರಿನ ಮಾತು ಬಂತು. ಆ ದಿನ ಇಬ್ಬರೂ ಮುದುಕಿ ಒಳಗೆ ಹೋದ ಮೇಲೂ ಅಲ್ಲೇ ನಿಂತಿದ್ದರು.

ಮುದುಕಿಗೂ ಒಂದು ಅಂಜಿಕೆ ಇತ್ತು. ನಿಮ್ಮ ಕಡೆ ಹೇಗೆ, ತಾಯಿ, ಎಂದು ಯಾರಾದರೂ ಕೇಳಿದರೆ ನೆಲ ನೋಡುತ್ತಿದ್ದಳು. ನೀವು ತಿಳಿದಿರುವ ಹಾಗೆಯೇ, ಎಂದು ಹೇಳಿ ಬೇರೆ ಮಾತು ತೆಗೆಯುತ್ತಿದ್ದಳು.

ನದಿ ಇಳಿಯಿತು. ಮುದುಕಿ ಹೊರಟಳು. ಅಣ್ಣತಮ್ಮಂದಿರು ಹರಿಗೋಲಿಗೆ ಹೊಸ ಹಗ್ಗ ಕಟ್ಟಿಕೊಟ್ಟಿದ್ದರು. ಮನೆಯಿಂದ ಹೊರಡುವಾಗ ಅವಳು ನಡುವಿನ ಬಾಗಿಲ ಬಳಿ ನಿಂತಳು. ಆ ಹೊತ್ತಿಗೆ ಚೌಕಟ್ಟಿಗೆ ಒರಗಿ ಯಾರೂ ಇರಲಿಲ್ಲ. ಅವಳು ಒಂದು ತೂತಿನೊಳಗೆ ಬೆರಳು ಇಟ್ಟಳು.

"ಇದೇನಪ್ಪಾ?"

ರೈತ ಹತ್ತಿರ ಬಂದ. "ಹುಳು, ತಾಯಿ. ಹಳೆಯ ಮರ. ಹುಳು ಕೊರೆದಿದೆ."

ಮುದುಕಿ ಬೆರಳನ್ನು ತೆಗೆಯಲಿಲ್ಲ. ತೂತಿನ ನಾಲ್ಕು ಮೂಲೆಗಳನ್ನೂ ಸವರಿ ನೋಡಿದಳು.

"ನಮ್ಮ ಕಡೆಯ ಹುಳುವೂ ಹೀಗೇ ಕೊರೆಯುತ್ತದಪ್ಪ," ಎಂದಳು. "ಚೌಕವಾಗಿ."

ಅಷ್ಟು ಹೇಳಿ ನದಿಯ ಕಡೆಗೆ ನಡೆದಳು. ರೈತ ಅವಳ ಹಿಂದೆ ಹೋದ. ಅವಳಿಗೆ ಗೊತ್ತಾಗಿದೆ. ಈಗ ಎಲ್ಲರ ಎದುರಿಗೆ ಹೇಳುತ್ತಾಳೆ ಎಂದುಕೊಂಡ.

ದಡದಲ್ಲಿ ಊರೇ ಸೇರಿತ್ತು. ಮುದುಕಿ ಹರಿಗೋಲಿನಲ್ಲಿ ಕುಳಿತು ಹೇಳಿದ ಮಾತು ಬೇರೆ. "ಹೋಗಿ ನಮ್ಮವರನ್ನು ಕರೆದುಕೊಂಡು ಬರುತ್ತೇನೆ."

ಗೌಡರ ಮುಖ ಬಿಳಿಚಿಕೊಂಡಿತು. "ಎಷ್ಟು ಜನ, ತಾಯಿ?"

"ಎಲ್ಲರನ್ನೂ."

"ಯಾವಾಗ?"

"ನದಿ ಬಿಟ್ಟಾಗ. ನಾಳೆಯೇ ಬಂದೇನು, ಬರುವ ವರ್ಷ ಬಂದೇನು. ನೀವು ಹೀಗೇ ಇರಿ."

ಹರಿಗೋಲು ಹೊರಟಿತು. ಈ ಸಲ ಅವಳು ಕಾಲು ತೊಳೆದುಕೊಂಡಿರಲಿಲ್ಲ. ಈ ದಡದ ಕೆಸರು ಮೆತ್ತಿದ ಪಾದದಲ್ಲೇ ಹೋದಳು.

ಜನ ಊರಿಗೆ ಮರಳಿದರು. ಆಮೇಲೆ ಒಬ್ಬ ಬಣವೆಗೆ ಕೈಹಾಕಿ ತನ್ನ ಅಗಳಿ ಹುಡುಕಿದ. ಅವನನ್ನು ನೋಡಿ ಇನ್ನೊಬ್ಬ ಹುಡುಕಿದ. ಕೆಲವರು ಹುಡುಕದೆ ನದಿಯ ಕಡೆ ನೋಡುತ್ತ ನಿಂತರು. ರೈತ ಮನೆಗೆ ಬಂದ. ನಡುವಿನ ಬಾಗಿಲು ಮುಚ್ಚಿದ. ಗೂಡಿನಿಂದ ಎಣ್ಣೆಬಟ್ಟೆಯ ಗಂಟನ್ನೂ ಸುತ್ತಿಗೆಯನ್ನೂ ತೆಗೆದ. ಒಂದು ಮೊಳೆಯನ್ನು ಹಳೆಯ ತೂತಿನಲ್ಲಿ ಇಟ್ಟ. ಸರಿಯಾಗಿ ಕೂತಿತು. ಬಾಗಿಲ ಆ ಕಡೆಯಿಂದ ಅಣ್ಣನ ದನಿ ಕೇಳಿತು.

"ಹೊಡೆಯುತ್ತೀಯೇನೋ?"

ಇಲ್ಲಿಗೆ ಬಂದು ಅಯ್ಯನವರು ನಿಲ್ಲಿಸಿದರು. ಮೊರವನ್ನು ಎತ್ತಿ ಸಿಪ್ಪೆಯನ್ನು ಒಂದು ಬದಿಗೆ ಕೊಡವಿದರು.

ಯೋವೇಲನ ಮುಖ ಅರಳಿತ್ತು. ಎಷ್ಟೋ ದಿನಗಳಿಂದ ಅಂಥ ಕಳೆ ಆ ಮುಖದ ಮೇಲೆ ಇರಲಿಲ್ಲ. "ತಿಳಿಯಿತು, ಅಯ್ಯನವರೇ!" ಎಂದ. "ನಾವು ಇಲ್ಲಿ ತಲೆ ಎತ್ತಿ ಪರಲೋಕ, ಪರಲೋಕ ಎನ್ನುತ್ತೇವೆ. ಅಲ್ಲಿ ಯಾರಾದರೂ ಇದ್ದು ಈ ಕಡೆಗೆ ತಲೆ ಎತ್ತಿದರೆ ಅವರಿಗೆ ನಮ್ಮ ಭೂಮಿಯೇ ಪರಲೋಕ! ಅವರು ಒಳ್ಳೆಯವರೋ ಎಂದು ನಾನು ಕೇಳುತ್ತಿದ್ದೇನೆ, ಅವರೂ ನನ್ನನ್ನು ಕುರಿತು ಹಾಗೆಯೇ ಕೇಳುತ್ತಿರಬಹುದು. ಎಂಥ ಮಾತು! ಭಾನುವಾರದ ಪ್ರಸಂಗಕ್ಕೆ ಇದೇ ಸಾಕು. ಇನ್ನು ನನಗೆ ಯಾವ ಚಿಂತೆಯೂ ಇಲ್ಲ."

ಅಯ್ಯನವರು ಅವರೆಕಾಳನ್ನು ಪಾತ್ರೆಗೆ ಸುರಿದುಕೊಂಡರು.

ಯೋವೇಲ ಜಗುಲಿಯಿಂದ ಇಳಿದ. ಒಂದು ಚಪ್ಪಲಿ ಮೆಟ್ಟಿದ. ಇನ್ನೊಂದು ಮಗುಚಿಬಿದ್ದಿತ್ತು, ಬಗ್ಗಿ ಕೈಗೆ ತೆಗೆದುಕೊಂಡ. ಆಗ ನೆನಪಾಗಿ ತಿರುಗಿದ.

"ಅಂದ ಹಾಗೆ, ಕೊನೆಗೆ ಆ ರೈತ ಮೊಳೆ ಹೊಡೆದನೋ ಇಲ್ಲವೋ? ನೀವು ಹೇಳಲೇ ಇಲ್ಲ."

"ಅದು ಭಾನುವಾರ ಗೊತ್ತಾಗುತ್ತದೆ," ಎಂದರು ಅಯ್ಯನವರು.

ಚಪ್ಪಲಿ ಯೋವೇಲನ ಕೈಯಲ್ಲೇ ಉಳಿಯಿತು.