ಕುತ್ತಿಗೆಯ ಹಿಮ್ಮಡಿಗೆ ಕುಂಕುಮ

ಮೈಸೂರಿನ ಗಿಟಾರ್ ಮೇಷ್ಟ್ರು ಪ್ರಭಂಜನರಿಗೆ ಅಗ್ಗದ ಗಿಟಾರ್ ಕಂಡರೆ ಮೈಯೆಲ್ಲ ಉರಿ. ಅಂಥ ಗಿಟಾರ್ ತಂದಳೆಂದು ಚಂಪಾಳನ್ನು ಆಯುಧಪೂಜೆಯ ಕಾರ್ಯಕ್ರಮದಿಂದ ತೆಗೆದೇಬಿಟ್ಟರು. ಹುಡುಗಿ ಅತ್ತು ಅತ್ತು ಮುಖ ಊದಿಸಿಕೊಂಡಳು. ಪೂಜಾ ಸಾಮಾನಿನ ಗ್ರಂಧಿಗೆ ಅಂಗಡಿ ನಡೆಸುವ ಅವಳ ತಾಯಿ ಪುಟ್ಟತಾಯಮ್ಮ ಆ ಗಿಟಾರ್ ಹಿಡಿದು ಕಾರಣ ಕೇಳಲು ಕ್ಲಾಸಿಗೇ ಬಂದಳು.

“ಇದರ ಕುತ್ತಿಗೆಯ ಹಿಮ್ಮಡಿ ನೋಡಮ್ಮ,” ಎಂದರು ಮೇಷ್ಟ್ರು.

“ಕುತ್ತಿಗೆಗೆ ಹಿಮ್ಮಡಿನಾ ಸಾರ್?”

“ಹೂಂ. ಕುತ್ತಿಗೆ ಬಂದು ಮೈಗೆ ಸೇರೋ ಜಾಗ. ನಿಮ್ಮದು ಇಟ್ಟಿಗೆ ಥರ ಚೌಕ, ಕೈಗೆ ಅಡ್ಡ ಬರುತ್ತೆ. ನನ್ನದು ಸವೆದ ಸೋಪಿನ ಥರ, ಕೈ ಜಾರಿಕೊಂಡು ಹೋಗುತ್ತೆ. ಅದಿಲ್ಲದೆ ನಮ್ಮ ಹಾಡು ನುಡಿಸೋಕೇ ಆಗಲ್ಲ.”

ಪುಟ್ಟತಾಯಮ್ಮ ಎರಡನ್ನೂ ಸವರಿ ನೋಡಿದಳು. “ನಿಜ ಸಾರ್, ನಿಮ್ಮದು ಮಗುವಿನ ಕೆನ್ನೆ ಥರ ಇದೆ. ಇದಕ್ಕೆ ಪೂಜೆ ಆಗಬೇಕು,” ಎಂದು ಚೀಲದಿಂದ ಕುಂಕುಮ ತೆಗೆದು ಆ ಹಿಮ್ಮಡಿಗೆ ದಪ್ಪಗೆ ಮೆತ್ತಿದಳು. ಮೇಷ್ಟ್ರು ಉಬ್ಬಿಹೋದರು.

“ಈಗ ಆ ಹಾಡು ಪೂರ್ತಿ ನುಡಿಸಿ ಸಾರ್.”

ಮೇಷ್ಟ್ರು ಕಣ್ಣು ಮುಚ್ಚಿ ನುಡಿಸಿದರು.

“ಎಲ್ಲಿ, ಎಡಗೈ ತೋರಿಸಿ.”

ಅಂಗೈಯಲ್ಲಿ ಒಂದು ಚೂರೂ ಕೆಂಪಿರಲಿಲ್ಲ.

“ಇಡೀ ಹಾಡಲ್ಲಿ ನಿಮ್ಮ ಕೈ ಆ ಕಡೆ ತಲೆ ಹಾಕಿಯೂ ಮಲಗಲಿಲ್ಲವಲ್ಲ ಸಾರ್! ಮತ್ತೆ ನನ್ನ ಮಗಳಿಗೆ ಯಾಕೆ ಅಡ್ಡ ಬರುತ್ತೆ?”

ಕ್ಲಾಸು ಗೊಳ್ಳೆಂದಿತು. ಮೇಷ್ಟ್ರು ಬೆವತುಹೋದರು. ಗಿಟಾರನ್ನು ಆ ಹಿಮ್ಮಡಿಯಲ್ಲೇ ಹಿಡಿದು ಕೆಳಗಿಟ್ಟು, ಅದೇ ಕೈಯಲ್ಲಿ ಹಣೆ ಒರೆಸಿಕೊಂಡರು.

“ಪೂಜೆ ಚೆನ್ನಾಗಿ ಆಯ್ತು ಸಾರ್,” ಎಂದಳು ಪುಟ್ಟತಾಯಮ್ಮ. “ಚಂಪಾ ಕಾರ್ಯಕ್ರಮಕ್ಕೆ ಬರಬಹುದಾ?”

“ಬರಲಿ,” ಎಂದರು ಮೇಷ್ಟ್ರು, ಹಣೆಯೆಲ್ಲ ಕೆಂಪಾದದ್ದು ತಿಳಿಯದೆ, ಭಾರಿ ಗಂಭೀರವಾಗಿ.