ಮೌನದ ಸಭೆಗೆ ಬಂದ ಫಕೀರವ್ವ

ಕಂಚಿಗುಡ್ಡದ ಶ್ರೀ ನೀಲಲೋಹಿತ ಶಿವಯೋಗಿಗಳ ಮಠವೆಂದರೆ ಮಣ್ಣಿನ ಮಾಳಿಗೆಯ ಒಂದು ಪಡಸಾಲೆ, ಹಿಂದೊಂದು ಅಡುಗೆಮನೆ, ಇಷ್ಟೇ. ಪೂಜ್ಯರಿಗೆ ಗದ್ದುಗೆಯೆಂದು ಹಾಸಿದ್ದು ಸವೆದ ಕರಿಕಂಬಳಿ. ಶ್ರಾವಣ ಬಂತೆಂದರೆ ಅವರು ತಿಂಗಳಿಡೀ ಮೌನಾನುಷ್ಠಾನ ಕೈಗೊಳ್ಳುತ್ತಿದ್ದರು. ಕೊನೆಯ ಸೋಮವಾರ ಭಕ್ತರೂ ಅವರೆದುರು ಮಧ್ಯಾಹ್ನದವರೆಗೆ ಮಾತಿಲ್ಲದೆ ಕುಳಿತಿರುವುದು ಅಲ್ಲಿಯ ಪದ್ಧತಿ.

ಆ ಮೌನಕ್ಕೆ ಕಾವಲುಗಾರ ಗುರುಪಾದಪ್ಪ. ಮಠದ ಪಾರುಪತ್ಯ ನೋಡಿಕೊಳ್ಳುತ್ತಿದ್ದ ಆತನ ನಿಷ್ಠೆಯಲ್ಲಿ ಸಂಶಯವಿಲ್ಲ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು. ಸಭೆಯಲ್ಲಿ ಯಾರಾದರೂ ಕೆಮ್ಮಿದರೂ ಕಣ್ಣು ಕೆಂಪಗೆ ಮಾಡುತ್ತಿದ್ದ. ವ್ರತ ಕೆಟ್ಟರೆ ಊರಿಗೆ ಕೇಡು ಎಂದು ತಾನೂ ನಂಬಿದ್ದ, ಊರನ್ನೂ ನಂಬಿಸಿದ್ದ.

ಅಂಥ ಒಂದು ಸೋಮವಾರ, ಬಿಸಿಲೇರಿದ ಹೊತ್ತಿನಲ್ಲಿ, ಗೋಡೆ ಸವರುತ್ತ ಒಬ್ಬ ಮುದುಕಿ ಬಾಗಿಲಿಗೆ ಬಂದಳು. ಎರಡೂ ಕಣ್ಣಿಲ್ಲ. ಕಾಲಲ್ಲಿ ಮುಳ್ಳು ಚುಚ್ಚಿ ರಕ್ತ ಬರುತ್ತಿತ್ತು.

"ಯಾರರ ಅದೀರೇನ್ರೀ?" ಎಂದು ಕೂಗಿದಳು.

ಪಡಸಾಲೆ ತುಂಬ ಜನ. ಒಬ್ಬರೂ ಮಾತನಾಡಲಿಲ್ಲ. ಮುಂದೆ ಕುಳಿತವನು ಬಾ ಎಂದು ಕೈ ಬೀಸಿದ. ಇನ್ನೊಬ್ಬ ಕುಳಿತುಕೋ ಎಂದು ನೆಲ ತೋರಿಸಿದ. ಗುರುಪಾದಪ್ಪನಂತೂ ತುಟಿಯ ಮೇಲೆ ಬೆರಳಿಟ್ಟು ಹುಬ್ಬು ಗಂಟಿಕ್ಕಿದ. ಕುರುಡಿಯ ಮುಂದೆ ಸನ್ನೆ ಮಾಡುತ್ತಿದ್ದೇವೆಂಬ ಎಚ್ಚರ ಆ ಭಕ್ತಿಯ ಭರದಲ್ಲಿ ಯಾರಿಗಿತ್ತು?

"ಊದಿನಕಡ್ಡಿ ವಾಸನಿ ಬರತೈತಿ. ಉಸುರೂ ಕೇಳತೈತಿ. ಮಾತಾಡವಲ್ರಿ ಯಾಕ?" ಮುದುಕಿ ಬಾಗಿಲ ಚೌಕಟ್ಟು ಹಿಡಿದು ಕೇಳಿದಳು.

ಕೆಲವರಿಗೆ ಉತ್ತರ ಕೊಡಬೇಕೆನಿಸಿತು. ಆದರೆ ಮೊದಲು ಬಾಯಿ ತೆರೆದು ಪಾಪ ಕಟ್ಟಿಕೊಳ್ಳುವವರು ಯಾರು? ಎಲ್ಲರೂ ಪಕ್ಕದವರ ಮುಖ ನೋಡಿದರು. ಇನ್ನು ಈಕೆ ಕೂಗಾಡಿದರೆ ಪೂಜ್ಯರ ಧ್ಯಾನ ಕೆಡುತ್ತದೆಂದು ಗುರುಪಾದಪ್ಪ ಎದ್ದು, ಹೊರಗೆ ಕರೆದೊಯ್ಯಲು ಆಕೆಯ ತೋಳನ್ನು ಗಟ್ಟಿಯಾಗಿ ಹಿಡಿದ. ದನಿಯಿಲ್ಲದ ಕೈಯೊಂದು ಹೀಗೆ ಹಿಡಿದರೆ ಕಣ್ಣಿಲ್ಲದವರ ಜೀವ ಏನಾಗಬೇಡ! ಮುದುಕಿ ಚಿಟ್ಟನೆ ಚೀರಿ, ಕೊಸರಿಕೊಂಡು ಹೊಸ್ತಿಲ ಮೇಲೆ ಬಿದ್ದಳು.

ಆಗ ಶಿವಯೋಗಿಗಳು ಕಣ್ಣು ತೆರೆದರು. ಕಂಬಳಿಯಿಂದೆದ್ದು ಜನರನ್ನು ದಾಟಿಕೊಂಡು ಬಂದು ಆಕೆಯ ಬಳಿ ಕುಳಿತರು.

"ಹೆದರಬ್ಯಾಡವ್ವ. ಇಲ್ಲಿ ಭಾಳ ಮಂದಿ ಅದೀವಿ. ಏನಾತು, ಹೇಳು."

ಬಳಸದೆ ಒಣಗಿದ್ದ ಆ ದನಿ ಕೇಳಿ ಸಭೆ ತಲ್ಲಣಿಸಿತು. ಮುದುಕಿಗೆ ಅದಾವುದೂ ತಿಳಿಯದು.

"ಫಕೀರವ್ವ ಅಂತಾರ್ರಿ ನನಗ. ಗಂಡ ಹೆಂಡ್ತಿ ಮಗಳ ಊರಿಗೆ ಹೊಂಟಿದ್ವಿ. ನಮ್ಮ ಹಿರ‍್ಯಾ ಎದಿ ಹಿಡಕೊಂಡು ಕುಂತ. ಆಮ್ಯಾಲ ಮಾತಾಡವಲ್ಲ. ಎಷ್ಟ ಕರದ್ರೂ ಓ ಅನವಲ್ಲ. ದಾರಿಬದಿ ಬಿಟ್ಟು ಬಂದೀನ್ರೀ."

ಪೂಜ್ಯರು ಬಂಡಿ ಕಟ್ಟಿಸಿದರು, ನೀರಿನ ತಂಬಿಗೆ ತಾವೇ ತೆಗೆದುಕೊಂಡರು. ಗುರುಪಾದಪ್ಪನಿಗೆ ಹೇಳಿದ್ದು ಇಷ್ಟೇ: "ಆಕಿ ಕೈ ಹಿಡಿ. ಬಾಯಿ ಮುಚ್ಚಬ್ಯಾಡ."

ಗುರುಪಾದಪ್ಪ ಹಿಡಿದ. ಬಂಡಿ ಹೂಡುವವರೆಗೂ ಕಾಯದೆ ಆಕೆ ನಡೆದೇ ಹೊರಟಿದ್ದಳು. ಮೊದಮೊದಲು ಮಾತೇ ಹೊರಡಲಿಲ್ಲ. ವ್ರತ ಕೆಟ್ಟಿತಲ್ಲ ಎಂಬ ಭಯ ಒಂದು ಕಡೆ. ಅಲ್ಲಿ ಮುದುಕ ಹೇಗಿದ್ದಾನೋ, ತಾವು ಸುಮ್ಮನೆ ಕುಳಿತ ಹೊತ್ತಿನಲ್ಲೇ ಜೀವ ಹೋಯಿತೋ ಎಂಬ ಭಯ ಇನ್ನೊಂದು ಕಡೆ. "ಇಲ್ಲಿ ಕಲ್ಲೈತಿ, ನೋಡವ್ವ... ಈಗ ತಗ್ಗು... ಹಂಗ ಬಾ, ನಾ ಅದೀನಿ," ಎನ್ನುತ್ತ ಎನ್ನುತ್ತ ಎರಡನೆಯ ಭಯವೇ ದೊಡ್ಡದಾಯಿತು. ದನಿ ನಿಂತರೆ ಆಕೆಯ ಕೈ ತಣ್ಣಗಾಗುತ್ತಿತ್ತು. ಮಾತು ನಿಲ್ಲಿಸಲು ಆತನಿಗೆ ಧೈರ್ಯವಾಗಲಿಲ್ಲ.

ಹುಣಸೆಮರದ ಬುಡದಲ್ಲಿ ಮುದುಕ ಮಗ್ಗುಲಾಗಿ ಬಿದ್ದಿದ್ದ. ಪೂಜ್ಯರು ಧೂಳಿನಲ್ಲಿ ಕುಳಿತು ಆತನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಣೆಗೆ ನೀರು ತಟ್ಟಿ, ಹೆಸರು ಕೇಳಿ ಕರೆಯತೊಡಗಿದರು. "ಯಂಕಪ್ಪಾ... ಯಪ್ಪಾ ಯಂಕಪ್ಪಾ..." ಗಂಟಲು ಬಿರಿಯುವಂತೆ ಕರೆದರು. ಫಕೀರವ್ವ ಕಿವಿಗೊಟ್ಟು ನಿಂತಿದ್ದಳು. ಬಹಳ ಹೊತ್ತಿಗೆ ಮುದುಕನ ಬಾಯಿಂದ "ಹೂಂ" ಎಂಬ ಸಣ್ಣ ದನಿ ಹೊರಟಿತು. ಆಕೆ ಅಲ್ಲೇ ಕುಸಿದು ಅತ್ತಳು.

ಮುದುಕನನ್ನು ಬಂಡಿಗೇರಿಸುವಾಗ ಗುರುಪಾದಪ್ಪ ಪೂಜ್ಯರ ಪಾದ ಹಿಡಿದ. "ಅಜ್ಜಾರ, ನಿಮ್ಮ ಮೌನ ಕೆಟ್ಟಿತಲ್ರೀ."

"ಕೂಡಿಟ್ಟ ಮಾತು ಇನ್ಯಾವಾಗ ಬೇಕಾಗತಿತ್ತಪ್ಪಾ?" ಎಂದರು ಶಿವಯೋಗಿಗಳು.

ತಾಲೂಕಿನ ಆಸ್ಪತ್ರೆಯವರೆಗೆ ಬಂಡಿಯಲ್ಲಿ ಗುರುಪಾದಪ್ಪನೇ ಹೋದ. ಮುದುಕನ ಎದೆ ಏರಿಳಿಯುತ್ತಿದೆಯೇ ಎಂದು ನೋಡುವುದು, ನೋಡಿದ್ದನ್ನು ಫಕೀರವ್ವನಿಗೆ ಹೇಳುವುದು, ದಾರಿಯುದ್ದಕ್ಕೂ ಅದೇ ಕೆಲಸ. ವೈದ್ಯರು ನೋಡಿ, ಜೀವಕ್ಕೆ ಅಪಾಯವಿಲ್ಲ ಎಂದ ಮೇಲೆ ಆತನಿಗೆ ತಡೆಯಲಾಗಲಿಲ್ಲ.

"ಯವ್ವಾ, ಮಠದಾಗ ನಿನ್ನ ತೋಳ ಹಿಡದು ಹೊರಗ ಹಾಕಾಕ ಬಂದಿದ್ನಲ್ಲ, ಅವ ನಾನ."

ಫಕೀರವ್ವ ಆತನ ಅಂಗೈಯನ್ನು ಮೆಲ್ಲಗೆ ಸವರಿದಳು.

"ಗೊತ್ತೈತಿ ತಮ್ಮಾ. ಹಿಡದಕೂಡ್ಲೆ ಗುರುತ ಸಿಕ್ಕಿತು. ಕೈ ಅದೇ ಐತಿ. ಈಗ ಅದಕ್ಕ ಬಾಯಿ ಬಂದೈತಿ."